ಯಾರ ಜೋಳದ ಋಣ? ವುಲ್ಫ್ಸ್ ಡ್ರಗೂನ್ಸ್ ದಂಡಿನ ಕಥೆ

ಮೊದಲು ಈ ಗೊಂಬೆಯನ್ನು ಹಿಂದಿನ ಸಾಲಿನವರೆಗೂ ದಾಟಿಸಿ. ಬಲಗೈ ಮಾತ್ರ ಮುಟ್ಟಬೇಡಿ, ಫೆವಿಕ್ವಿಕ್ ಹಾಕಿ ಅಂಟಿಸಿದ್ದು. ಇದರ ಹೆಸರು ಆರ್ಚರ್. ಕಥೆಯಲ್ಲಿ ಇದು 70 ಟನ್ ತೂಕದ ನಡೆಯುವ ಯಂತ್ರ. ಎದೆಯ ಎರಡೂ ಪಕ್ಕದಲ್ಲಿ ಪೆಟ್ಟಿಗೆ ಥರ ಇದೆಯಲ್ಲ, ಅದರೊಳಗೆ ಕ್ಷಿಪಣಿಗಳು. ಒಳಗೆ ಕೂರುವ ಸವಾರನನ್ನು ಇದೇ ಅಳತೆಯಲ್ಲಿ ಮಾಡಿದರೆ ಒಂದು ಅಕ್ಕಿ ಕಾಳಿನಷ್ಟಾಗುತ್ತಾನೆ. ಆ ಅಕ್ಕಿ ಕಾಳಿನ ಹೆಸರು ಜೇಮಿ ವುಲ್ಫ್. ಇವತ್ತಿನ ಮಾತು ಅವನ ಬಾಡಿಗೆ ದಂಡಿನ ಬಗ್ಗೆ.

ಬ್ಯಾಟಲ್‌ಟೆಕ್ ಆಡಿಲ್ಲದವರಿಗೆ ಎರಡು ಮಾತು. ಶಿಕಾಗೋದ ಫಾಸಾ ಕಂಪನಿ 1984ರಲ್ಲಿ ತಂದ ಆಟ ಇದು. ಆಗ ಹೆಸರು ಬ್ಯಾಟಲ್‌ಡ್ರಾಯ್ಡ್ಸ್. 'ಡ್ರಾಯ್ಡ್' ಅನ್ನೋ ಪದ ನಮ್ಮದು ಅಂತ ಲ್ಯೂಕಾಸ್‌ಫಿಲ್ಮ್‌ನವರು ತಕರಾರು ತೆಗೆದರು, ಹೆಸರು ಬದಲಾಯಿತು. ಆರು ಮೂಲೆಯ ಮನೆಗಳ ನಕ್ಷೆ, ಎರಡು ದಾಳ, ಒಂದು ಪೆನ್ಸಿಲ್. ಏಟು ಬಿದ್ದ ಹಾಗೆಲ್ಲ ಹಾಳೆಯ ಮೇಲಿನ ಸೊನ್ನೆಗಳನ್ನು ಕಪ್ಪು ಮಾಡುತ್ತಾ ಹೋಗಬೇಕು. ಅಷ್ಟೇ ಆಟ. ನಾನು ಇಷ್ಟು ವರ್ಷ ಇದಕ್ಕೆ ಅಂಟಿಕೊಂಡಿರುವುದು ಕಥೆಗೋಸ್ಕರ.

ಆ ಲೋಕದಲ್ಲಿ ಐದು ದೊಡ್ಡ ರಾಜಮನೆತನಗಳಿವೆ: ಡೇವಿಯನ್, ಲಿಯಾವ್, ಮಾರಿಕ್, ಸ್ಟೈನರ್, ಕುರಿಟಾ. ನೂರಾರು ವರ್ಷಗಳಿಂದ ಒಬ್ಬರ ಗ್ರಹಕ್ಕೆ ಇನ್ನೊಬ್ಬರು ಕಣ್ಣು ಹಾಕಿ ಕಚ್ಚಾಡುತ್ತಾ ಬಂದವರು. ಹಳೆಯ ತಂತ್ರಜ್ಞಾನ ಮರೆತೇ ಹೋಗಿದೆ. ಅಜ್ಜನ ಕಾಲದ ಯಂತ್ರಕ್ಕೆ ತೇಪೆ ಹಾಕಿಕೊಂಡು ಮೊಮ್ಮಗ ಯುದ್ಧಕ್ಕೆ ಹೋಗುತ್ತಾನೆ. ಅಂಥ ಕಡೆಗೆ 3005ರಲ್ಲಿ, ಎಲ್ಲಿಂದಲೋ, ಐದು ರೆಜಿಮೆಂಟಿನ ದಂಡು ಬಂದು ನಿಂತಿತು. ಯಂತ್ರಗಳೆಲ್ಲ ಫಳಫಳ. ಒಂದು ರೆಜಿಮೆಂಟು ಅಂದರೆ ನೂರರ ಮೇಲೆ ಯಂತ್ರಗಳು. 'ಎಲ್ಲಿಯವರಪ್ಪಾ ನೀವು?' ಅಂದರೆ ಉತ್ತರ ಇಲ್ಲ. ಸಂಬಳ ಎಷ್ಟು, ಗೆದ್ದ ಮೇಲೆ ಲೂಟಿಯಲ್ಲಿ ಪಾಲೆಷ್ಟು, ಅಪ್ಪಣೆ ಯಾರದು, ಅಷ್ಟೇ ಮಾತು.

ಮೊದಲು ಡೇವಿಯನ್ ಕಡೆ. ಆಮೇಲೆ ಲಿಯಾವ್. ಆಮೇಲೆ ಮಾರಿಕ್, ಸ್ಟೈನರ್, ಕುರಿಟಾ. ನಮ್ಮೂರಲ್ಲಿ ಐದು ಕಂಪನಿ ಬದಲಾಯಿಸಿದವರನ್ನು ಕಂಡರೆ ಯಾರೂ ಹುಬ್ಬೇರಿಸಲ್ಲ. ಆದರೆ ಇವರು ನಿನ್ನೆ ಯಾರ ಪರ ಕಾದಿದ್ದರೋ ಇವತ್ತು ಅವರ ಮೇಲೇ ಬೀಳುತ್ತಿದ್ದರು. ಮಧ್ಯೆ ಮಧ್ಯೆ ಮಾಯವಾಗಿ, ಹೊಸ ಸಾಮಾನು ತುಂಬಿಕೊಂಡು ವಾಪಸ್ ಬರುತ್ತಿದ್ದರು. ಯಾರಿಗೂ ಅನುಮಾನ ಬರಲಿಲ್ಲವಾ ಅಂತ ಕೇಳಬೇಡಿ. ಬಂದಿತ್ತು. ಆದರೆ ಇಷ್ಟು ಚೆನ್ನಾಗಿ ಕಾದುವವರು ಸಿಕ್ಕಾಗ ಜಾತಕ ಕೇಳುವವರು ಯಾರು?

ಮಾರಿಕ್ ಕಾಲದ ಕಥೆ ಬೇಗ ಮುಗಿಸುತ್ತೇನೆ. ಅಣ್ಣನ ಮೇಲೆ ದಂಗೆ ಎದ್ದ ಆಂಟನ್ ಮಾರಿಕ್ ಇವರನ್ನು ಒಡೆದು ತನ್ನ ಸೈನ್ಯಕ್ಕೆ ಹಂಚಲು ನೋಡಿದ. ಜೇಮಿ ಒಪ್ಪಲಿಲ್ಲ. ಆಂಟನ್ ಒತ್ತೆಯಾಗಿ ಹಿಡಿದವರನ್ನು ಕೊಲ್ಲಿಸಿದ. ಅವರಲ್ಲಿ ಜೇಮಿಯ ತಮ್ಮ ಜೋಶುವಾನೂ ಇದ್ದ. ಜೋಶುವಾನನ್ನು ಪ್ರೀತಿಸಿದ್ದ, ಇದೇ ದಂಡಿನ ನತಾಶಾ ಕೆರೆನ್ಸ್‌ಕಿ ಆಂಟನ್‌ನ ಕೋಟೆಗೇ ನುಗ್ಗಿ ಲೆಕ್ಕ ಚುಕ್ತಾ ಮಾಡಿದಳು. 'ಕಪ್ಪು ಜೇಡ' ಅನ್ನೋ ಅಡ್ಡಹೆಸರು ಅವಳದೇ.

ನಿಲ್ಲಬೇಕಾದ್ದು ಕುರಿಟಾ ಹತ್ತಿರ. ಅವರದ್ದು ಬೇರೆ ಉಪಾಯ. ಸಂಬಳ ಕೊಡುತ್ತಾರೆ, ಆದರೆ ಬಿಡಿಭಾಗ, ಮದ್ದುಗುಂಡು ಎಲ್ಲ ಅವರ ಅಂಗಡಿಯಲ್ಲೇ ಕೊಳ್ಳಬೇಕು. ಬೆಲೆ ಅವರು ಹೇಳಿದ್ದು. ಅಂಗಡಿ ಸಾಲದ ಪುಸ್ತಕ ನೋಡಿದ್ದೀರಲ್ವಾ? ಬಾಕಿ ತೀರಲ್ಲ. ಸಾಲಗಾರನಾದ ಸೈನಿಕ ಕೊನೆಗೆ ಅವರ ಆಳು.

ಈ ದಂಡಿನ ಮೇಲೆ ಕಣ್ಣಿಡಲು ಕುರಿಟಾ ಕಡೆಯಿಂದ ಬಂದವನು ಮಿನೋಬು ತೆತ್ಸುಹಾರಾ. ಜೇಮಿಗೂ ಅವನಿಗೂ ಗೆಳೆತನ ಬೆಳೆಯಿತು. ಇವರನ್ನೇ ನೋಡಿ ಕಲಿತು ರ್ಯೂಕೆನ್ ಅನ್ನೋ ಪಡೆಯನ್ನೂ ಕಟ್ಟಿದ. ಕುರಿಟಾಗೂ ದಂಡಿಗೂ ಸಂಬಂಧ ಹಳಸಿದ ಮೇಲೆ, 3028ರಲ್ಲಿ, ಮಿಸರಿ ಅನ್ನೋ ಗ್ರಹದಲ್ಲಿ ಅದೇ ಪಡೆಯನ್ನು ಗೆಳೆಯನ ಮೇಲೆ ನಡೆಸಬೇಕಾಯಿತು. ಒಡೆಯ ಮಾಡುತ್ತಿರುವುದು ತಪ್ಪು ಅಂತ ಅವನಿಗೆ ಗೊತ್ತಿತ್ತು. ಆದರೂ ಹೋದ, ಸೋತ, ಸೆಪ್ಪುಕು ಮಾಡಿಕೊಂಡು, ಅಂದರೆ ಜಪಾನಿನ ಸಮುರಾಯ್‌ಗಳ ಹಾಗೆ ಹೊಟ್ಟೆ ಸೀಳಿಕೊಂಡು, ಸತ್ತ.

ಇದನ್ನು ಓದುವಾಗ ನನಗೆ ಜಪಾನ್ ನೆನಪಾಗಲಿಲ್ಲ, ಬೇಗೂರು ನೆನಪಾಯಿತು. ನಾಗೇಶ್ವರ ದೇವಸ್ಥಾನದ ಶಾಸನ ನೋಡಿದ್ದೀರಾ? ಸುಮಾರು ಕ್ರಿ.ಶ. 890ರದು. 'ಬೆಂಗಳೂರು' ಅನ್ನೋ ಹೆಸರು ಬರುವುದೇ ಒಂದು ಕಾಳಗದ ಮಾತಿನಲ್ಲಿ, ಸತ್ತವರ ಲೆಕ್ಕದಲ್ಲಿ. ನಮ್ಮ ಹಳೆಗನ್ನಡದವರು ಇಂಥ ಸಾವಿಗೆ ಪದ ಇಟ್ಟಿದ್ದರು: ಜೋಳವಾಳಿ. ಒಡೆಯನ ಜೋಳ ಉಂಡಿದ್ದೇನೆ, ಆ ಋಣಕ್ಕೆ ಕಾದುತ್ತೇನೆ. ಹುಟ್ಟು ಗೊತ್ತಾದ ಮೇಲೂ ಕರ್ಣ ಕೌರವನನ್ನು ಬಿಡಲಿಲ್ಲವಲ್ಲ, ಅದು. ಮಿನೋಬು ಪಕ್ಕಾ ಜೋಳವಾಳಿಯವನು.

ಹಾಗಾದರೆ ಜೇಮಿ? ಗುಟ್ಟು ಈಗ ಹೇಳುತ್ತೇನೆ. 2784ರಲ್ಲಿ ದೊಡ್ಡ ಸೈನ್ಯವೊಂದು ಈ ಜಗಳ ಬೇಡ ಅಂತ ನಕ್ಷತ್ರಗಳಾಚೆ ಹೊರಟುಹೋಗಿತ್ತು. ಅವರ ವಂಶದವರು ಕುಲಗಳಾಗಿ ಬೆಳೆದರು. ವಾಪಸ್ ಬಂದು ಎಲ್ಲವನ್ನೂ ಗೆಲ್ಲಬೇಕು ಅನ್ನುವ ಮಾತು ಎದ್ದಾಗ, ಮೊದಲು ನೋಡಿಕೊಂಡು ಬನ್ನಿ ಅಂತ ತೋಳ ಕುಲ ಕಳಿಸಿದ ಗೂಢಚಾರರೇ ಈ ಡ್ರಗೂನರು. ಐದು ಮನೆಯಲ್ಲೂ ಉಂಡದ್ದು ಐವರ ಬಲ ಅಳೆಯೋಕೆ! ಆದರೆ ಅವರ ಖಾನ್, ಅಂದರೆ ಕುಲದ ನಾಯಕ, ಕೆರ್ಲಿನ್ ವಾರ್ಡ್ ಕೊನೆಯ ಸಲ ಗುಟ್ಟಾಗಿ ಬೇರೆ ಮಾತು ಹೇಳಿದ: ಇನ್ನು ವರದಿ ಬೇಡ, ಕುಲಗಳ ದಾಳಿ ಎದುರಿಸೋಕೆ ಆ ಐದು ಮನೆಯ ಜನರನ್ನು ತಯಾರು ಮಾಡಿ.

ಅಂದರೆ ಹುಟ್ಟಿನ ಕಡೆಗೂ, ಉಂಡ ಕಡೆಗೂ ಒಂದೇ ಸಲ ಋಣ. ಕರ್ಣನಿಗೂ ಇಷ್ಟು ಗೋಜಲು ಇರಲಿಲ್ಲ ಅನ್ಸುತ್ತೆ. ಕೆಲವರು ಜೇಮಿಯನ್ನು ಸುಮ್ನೆ ಮೋಸಗಾರ ಅನ್ನುತ್ತಾರೆ. ನಾನು ಒಪ್ಪಲ್ಲ. 3051ರಲ್ಲಿ ಔಟ್‌ರೀಚ್ ಗ್ರಹಕ್ಕೆ ಎಲ್ಲ ರಾಜರನ್ನೂ ಕರೆಸಿ, ಎದುರಿಗೇ ನಿಜ ಹೇಳಿದವನು ಅವನು. ಅಷ್ಟರಲ್ಲಿ ಕುಲಗಳ ದಾಳಿ ಶುರುವಾಗಿತ್ತು.

ಮುಂದಿನ ವರ್ಷ ಕುಲಗಳು ಕುರಿಟಾ ರಾಜಧಾನಿ ಲುಥಿಯನ್ ಮೇಲೆ ಬಿದ್ದವು. ಇನ್ನೆಂದೂ ಕುರಿಟಾಗೆ ದುಡಿಯಲ್ಲ ಅಂದಿದ್ದವನು ಜೇಮಿ. ಅವನನ್ನು ಅಲ್ಲಿಗೆ ಕಳಿಸಿದವನು ಕುರಿಟಾಗೆ ಹಳೇ ವೈರಿಯಾದ ಹಾನ್ಸ್ ಡೇವಿಯನ್. ಸಂಬಳ ಒಬ್ಬನದು, ಊರು ಇನ್ನೊಬ್ಬನದು, ಎದುರಿಗೆ ನಿಂತವರು ಹುಟ್ಟಿದ ಕಡೆಯವರು. ಡ್ರಗೂನರು ಇಳಿದರು, ಊರು ಉಳಿಯಿತು.

ಆ ಕಾಳಗವನ್ನೇ ಈಗ ಮೇಜಿನ ಮೇಲೆ ಹಾಸಿದ್ದೇನೆ, ನಾಲ್ಕು ಜನ ಬನ್ನಿ. ಕುರಿಟಾ ಕಡೆ ಯಾರು ಆಡ್ತೀರಾ? ಅಂದಹಾಗೆ ಆರ್ಚರ್ ಎಲ್ಲಿ? ಕೈ ಬಂದುಬಿಡ್ತಾ? ಪರವಾಗಿಲ್ಲ, ಫೆವಿಕ್ವಿಕ್ ಜೇಬಲ್ಲೇ ಇದೆ.