ಸಂತಿ ಚೀಲ, ಕಾಣಿಕಿ ಚೀಲ

ಎಲ್ಲಾರಿಗೂ ವಂದನೆ ರೀ. ಬಾಗಲಕೋಟಿಯಿಂದ ಮಾತಾಡಾಕತ್ತೀನಿ.

ನಾ ಕ್ರೈಸ್ತ ಸಭೆಯಾಂವ. ಇವತ್ತು ಪ್ರಸಂಗ, ಅಂದ್ರ ದೇವರ ವಾಕ್ಯದ ಬೋಧನೆ, ಮಾಡೂದಿಲ್ಲ. ಅದಕ್ಕ ಸಭೆಯ ಪಾಸ್ಟರ್ ಅಯ್ಯನವರದಾರ. ನಾ ಮನಿ ಕಟ್ಟೋ ಗುತ್ತಿಗಿ ಹಿಡಿಯಾಂವ. ನವನಗರದಾಗ ಒಂದು ಮನಿ, ಹಳೇ ಊರಾಗ ಒಂದು ರಿಪೇರಿ, ಹಿಂಗ ನಡದೈತಿ. ಇಬ್ಬರು ಗೌಂಡ್ಯಾರು, ನಾಲ್ಕೈದು ಮಂದಿ ಕೂಲ್ಯಾರು. ದೇವರ ಪ್ರೀತಿ ಅಂದ್ರ ಏನು ಅನ್ನೂದು ನನಗ ಬಟವಡಿ ದಿನ ತಿಳಿದಷ್ಟು ಬ್ಯಾರೆ ಎಲ್ಲೂ ತಿಳಿದಿಲ್ಲ. ಅದನ್ನ ಹೇಳಬೇಕಂತ ಕುಂತೀನಿ.

ನಮ್ಮ ಕಡಿ ಬಟವಡಿ ಅಂದ್ರ ಸಂತಿ ದಿನ. ಇದು ಊರ ಬಿಟ್ಟವರಿಗೆ ಮರತಿರಬಹುದು, ಅದಕ್ಕ ಹೇಳ್ತೀನಿ. ವಾರದ ಕೂಲಿ ಸಂತಿ ದಿನ ಯಾಕ ಕೊಡ್ತಾರಂದ್ರ, ಅವತ್ತ ಸಂಜಿಕ ಜ್ವಾಳ, ಬ್ಯಾಳಿ, ಎಣ್ಣಿ, ಉಳ್ಳಾಗಡ್ಡಿ ಎಲ್ಲಾ ವಾರಕ್ಕಾಗೋವಷ್ಟು ತಗೋಬೇಕು. ಅವತ್ತ ರೊಕ್ಕ ಸಿಗಲಿಲ್ಲಂದ್ರ ಒಂದ ದಿನ ತಡಾ ಆತು ಅಂತ ಅಲ್ಲ, ಇಡೀ ವಾರದ ಒಲಿ ಲೆಕ್ಕಾ ತಪ್ಪತೈತಿ.

ಒಂದು ವರ್ಷ ಮಳಿಗಾಲ ಮುಗಿಯೋ ಹೊತ್ತು. ಮನಿ ಮಾಲಕರು ನನಗ ಸ್ಲ್ಯಾಬಿನ ಕಂತು ಕೊಟ್ಟಿರಲಿಲ್ಲ. ಸಂತಿ ದಿನ ಸಂಜಿಕ ಎಲ್ಲಾರಿಗೂ ಅರ್ಧ ಅರ್ಧ ಕೊಟ್ಟೆ. ಉಸುಕು ಹೊರೂ ಅಕ್ಕ ಒಬ್ಬಾಕಿ ಕಡೀಕ ಉಳದಳು. ಆಕಿಗೆ ಕೊಡಾಕ ಕೈಯಾಗ ಏನೂ ಇರಲಿಲ್ಲ. ಆರು ದಿನದ ಹಾಜರಿ, 2,400 ರೂಪಾಯಿ. "ಯಕ್ಕಾ, ಮುಂದಿನ ವಾರ ಕೂಡಿಸಿ ಕೊಡ್ತೀನಿ, ಸ್ವಲ್ಪ ತಾಳ" ಅಂದೆ. ಆಕಿ ಜಗಳಾ ಮಾಡಲಿಲ್ಲ. ಕೈಯಾಗ ಸಂತಿ ಚೀಲ ಇತ್ತು, ರಸಗೊಬ್ಬರದ ಚೀಲ ಹೊಲದು ಮಾಡಿದ್ದು. ಅದನ್ನ ಒಂದ ಮಡಿಕಿ ಮಡಿಚಿದಳು, ಇನ್ನೊಂದ ಮಡಿಕಿ ಮಡಿಚಿದಳು, ಕಂಕಳಾಗ ಇಟಗೊಂಡು "ಹೂಂ ರೀ ಅಣ್ಣಾರ" ಅಂದು ಹ್ವಾದಳು.

ರವಿವಾರ ನಾ ಆರಾಧನೆಗೆ ಹೋದೆ. ಕಾಣಿಕಿ ಚೀಲ ಬಂತು, 100 ರೂಪಾಯಿ ಹಾಕಿದೆ. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಅಂತ ಎಲ್ಲಾರ ಕೂಡ ಜೋರಾಗಿ ಅಂದೆ. ಮನಿಗೆ ಬಂದ ಮ್ಯಾಲ ನಮ್ಮ ಮನಿಯಾಕಿ, ಹಾಜರಿ ಪುಸ್ತಕ ಬರಿಯಾಕಿ ಆಕಿನ, ಊಟಕ್ಕ ನೀಡಕೋತ ಕೇಳಿದಳು: "ಇವತ್ತು ಕಾಣಿಕಿ ಹಾಕಿದ್ರೆಲ್ಲಾ, ಆ ರೊಕ್ಕ ಯಾರದ್ರೀ?"

ನಾ ಉತ್ತರ ಕೊಡಲಿಲ್ಲ. ಉತ್ತರ ಇಬ್ಬರಿಗೂ ಗೊತ್ತಿತ್ತು.

ಆಮ್ಯಾಲ ತಿಳೀತು, ಆ ಅಕ್ಕ ಅವತ್ತ ರಾತ್ರಿ ಕೈಗಡ ತಂದಿದ್ದಳು. ನೂರಕ್ಕ ಐದರಂಗ ಬಡ್ಡಿ. ವಾರ ಇಟಗೊಂಡ್ರೂ ಬಡ್ಡಿ ತಿಂಗಳದ್ದ, ಅದನ್ನ ಮೊದಲ ಮುರಕೊಂಡು ಕೊಡ್ತಾರ. 2,400ಕ್ಕ 120 ರೂಪಾಯಿ. ದೇವರಿಗೆ ನಾ ಕೊಟ್ಟಿದ್ದು 100. ನನ್ನ ಸಲುವಾಗಿ ಆಕಿ ಕಟ್ಟಿದ್ದು 120.

ಈ ಲೆಕ್ಕಾ ನನ್ನನ್ನ ಬಾಳ ದಿನ ಮಲಗಾಕ ಬಿಡಲಿಲ್ಲ. ಅದಾದ ಮ್ಯಾಲ ಸತ್ಯವೇದ (ಬೈಬಲ್) ಹಿಡಿದು ಕೂಲಿ ಅನ್ನೂ ಮಾತು ಎಲ್ಲೆಲ್ಲಿ ಬರತೈತಿ ಅಂತ ಹುಡಿಕೋತ ಕುಂತೆ. ಸಣ್ಣಾಂವ ಇದ್ದಾಗಿಂದ ಸಂಡೇ ಸ್ಕೂಲಿಗೆ ಹ್ವಾದಾಂವ ನಾ, ಆದ್ರೂ ಇವು ನನ್ನ ಕಣ್ಣಿಗೆ ಬಿದ್ದಿದ್ದಿಲ್ಲ. ಯಾಜಕಕಾಂಡ 19ನೇ ಅಧ್ಯಾಯದಾಗ ಐತಿ: ಕೂಲಿಯವನ ಕೂಲಿ ಮುಂಜಾನಿತನಕ ನಿನ್ನ ಹಂತ್ಯಾಕ ಇರಬಾರದು. ಧರ್ಮೋಪದೇಶಕಾಂಡ 24ರಾಗ ಇನ್ನೂ ಬಿಗಿ ಐತಿ: ಹೊತ್ತು ಮುಳುಗೂದರಾಗ ಕೊಡಬೇಕು, ಯಾಕಂದ್ರ ಅಂವ ಬಡವ, ಅವನ ಜೀವ ಅದರ ಮ್ಯಾಲ ಇರತೈತಿ. ಕೊಡಲಿಲ್ಲಂದ್ರ ಅಂವ ದೇವರಿಗೆ ಮೊರೆ ಇಡ್ತಾನ, ಪಾಪ ನಿನಗ ಬರತೈತಿ. ಯಾಕೋಬನ ಪತ್ರಿಕೆ 5ನೇ ಅಧ್ಯಾಯದಾಗಂತೂ ಹೊಲಾ ಕೊಯ್ದವರ ತಡದಿಟ್ಟ ಕೂಲಿ ತಾನ ಕೂಗತೈತಿ. ರೊಕ್ಕಕ್ಕ ಬಾಯಿ ಬರತೈತಿ ಅಲ್ಲಿ! ನನ್ನ ಕಿಸೇದಾಗ ಇದ್ದ ನೋಟು ಕೂಗತಿದ್ವು, ನಾ ಅದರ ಮ್ಯಾಲ ಗೀತ ಹಾಡಾಕತ್ತಿದ್ದೆ.

ಮತ್ತ ಮತ್ತಾಯ 20. ದ್ರಾಕ್ಷಿ ತೋಟದ ಸಾಮ್ಯ, ಅಂದ್ರ ಸ್ವಾಮಿ ಹೇಳಿದ ಕತಿ, ಎಲ್ಲಾರಿಗೂ ಗೊತ್ತಿದ್ದದ್ದ. ಯಜಮಾನ ಮುಂಜಾನೆ ಒಮ್ಮೆ, ಮತ್ತ ಸಂಜಿ ಐದಕ್ಕೂ ಒಮ್ಮೆ ಪ್ಯಾಟಿಗೆ ಹೋಗಿ ಆಳು ಕರಕೊಂಡು ಬರ್ತಾನ, ಕಡೀಗೆ ಬಂದವಗೂ ಪೂರಾ ದಿನದ ಕೂಲಿ ಕೊಡ್ತಾನ. ವಿಜಯಪುರ ಜಿಲ್ಲಾದಾಗ, ತಿಕೋಟಾ ಕಡಿ, ಚಾಟ್ನಿ (ದ್ರಾಕ್ಷಿ ಬಳ್ಳಿ ಕತ್ತರಿಸೂ) ಹೊತ್ತಿನ್ಯಾಗ ಆಳು ಹುಡುಕ್ಯಾಡಿದವರಿಗೆ ಈ ಕತಿ ಬಾಳ ಸಮೀಪ ಅನಸತೈತಿ. ಪ್ರಸಂಗದಾಗ ನಾವು ಯಾವಾಗಲೂ ಕೇಳೂದು, "ನೋಡ್ರಿ, ದೇವರ ಕೃಪೆ ಎಲ್ಲಾರಿಗೂ ಸಮ" ಅಂತ. ಖರೆ. ಆದ್ರ ಅದಕ್ಕಿಂತ ಮೊದಲ ಒಂದು ಸಣ್ಣ ಮಾತು ಐತಿ. ಸಂಜಿ ಆದ ಕೂಡಲೇ ಯಜಮಾನ ಪಾರುಪತ್ಯಗಾರನ್ನ ಕರದು "ಆಳುಗಳಿಗೆ ಕೂಲಿ ಕೊಡು" ಅಂತಾನ. ಸಂಜೀಕನ. ನಾಳೆ ಅಂದಿಲ್ಲ, ದ್ರಾಕ್ಷಿ ಮಾರಿ ರೊಕ್ಕ ಬಂದ ಮ್ಯಾಲ ಅಂದಿಲ್ಲ. ಕೃಪೆ ಅನ್ನೂದು ಅಲ್ಲಿ ಹೊತ್ತಿಗೆ ಸರಿಯಾಗಿ ಕೊಟ್ಟ ಬಟವಡಿ ಮ್ಯಾಲ ನಿಂತೈತಿ.

ನೀವು ಅಂತೀರಿ, "ಅಣ್ಣಾ, ನಿನಗ ಮಾಲಕರು ಕೊಟ್ಟಿಲ್ಲ, ನೀ ಎಲ್ಲಿಂದ ಕೊಡ್ತಿ?" ನ್ಯಾಯವಾದ ಪ್ರಶ್ನೆ. ನಾನೂ ಅದನ್ನ ಹೇಳಿಕೋತ ವರ್ಷಗಟ್ಟಲೆ ಬಂದೀನಿ. ಆದ್ರ ನೋಡ್ರಿ, ನನಗ ಪತ್ತಿನ ಸಂಘ ಐತಿ, ಗಾಡಿ ಐತಿ, ಸಿಮೆಂಟ್ ಅಂಗಡ್ಯಾಗ ಉದ್ರಿ ಐತಿ. ಸಾಲಕ್ಕ ನನಗ ಹತ್ತ ಬಾಗಿಲು, ಆಕಿಗೆ ಒಂದ ಬಾಗಿಲು, ಅದೂ ನೂರಕ್ಕ ಐದರದು. ನಾ ತಡಾ ಮಾಡಿದಾಗ ಸಾಲ ಇಲ್ಲದಂಗ ಆಗೂದಿಲ್ಲ, ನನ್ನ ಹೆಸರಿಲೆ ತರಬೇಕಾದ ಸಾಲ ಆಕಿ ಹೆಸರಿಲೆ ಬರತೈತಿ, ಅಷ್ಟ.

ಕಬ್ಬಿನ ರೈತರು ಇದನ್ನ ಚೊಲೋ ಬಲ್ಲರು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಫ್ಯಾಕ್ಟರಿಗೆ ಕಬ್ಬು ಹಾಕಿದ 14 ದಿನದಾಗ ಬಿಲ್ ಕೊಡಬೇಕು, ತಪ್ಪಿದ್ರ ವರ್ಷಕ್ಕ ಶೇಕಡಾ 15 ಬಡ್ಡಿ ಕೊಡಬೇಕು. ಬಾಕಿ ಬಿಲ್ಲಿಗೆ ಬೆಳಗಾವಿ, ಬಾಗಲಕೋಟಿ ರೈತರು ಎಷ್ಟ ಸಲ ರಸ್ತಾಕ್ಕ ಇಳದಾರ. ಇಳೀಬೇಕು, ಅವರ ಬೆವರಿನ ರೊಕ್ಕ ಅದು. ಅದ ಹೊಲದಾಗ ಕಬ್ಬು ಕಡಿಯೋ ಗ್ಯಾಂಗಿನವರಿಗೆ, ಕೂಸಿನ್ನ ಸೀರಿ ಜೋಳಿಗ್ಯಾಗ ಹಾಕಿ ಕುಡಗೋಲು ಹಿಡಿಯೋ ತಾಯಂದಿರಿಗೆ ಎಷ್ಟು ದಿನ ಗಡುವು? ಮೋಶೆಯ ಧರ್ಮಶಾಸ್ತ್ರ ಅವರ ಸಲುವಾಗಿ ನಮಗ ಕೊಟ್ಟ ಗಡುವು ಹೊತ್ತು ಮುಳುಗೂತನಕ ಅಷ್ಟ.

ನಾವು ಕ್ರೈಸ್ತರು ಪ್ರೀತಿ ಇಲ್ಲದವರಲ್ರಿ. 2019ರ ಆಗಸ್ಟಿನ್ಯಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಲೇ ಉಕ್ಕಿ ಬಂದಾಗ ನಮ್ಮ ಸಭೆಯ ತಾಯಂದಿರು ರಾತ್ರಿ ಹಗಲು ರೊಟ್ಟಿ ಬಡದಾರ, ನಾವು ಹಾಸಗಿ, ಹೊದಿಕಿ ಹೊತ್ತೀವಿ. ಜಾತಿ ಕೇಳಿಲ್ಲ, ಧರ್ಮ ಕೇಳಿಲ್ಲ. ಆ ಪ್ರೀತಿ ಸುಳ್ಳಲ್ಲ, ಅದನ್ನ ನಾ ಸಣ್ಣದು ಮಾಡೂದಿಲ್ಲ. ಆದ್ರ ಮಹಾಪೂರ ಯಾವಾಗರ ಒಮ್ಮೆ ಬರತೈತಿ. ಸಂತಿ ವಾರಾ ವಾರಾ ಬರತೈತಿ. ಹೊದಿಕಿ ಕೊಟ್ಟಾಗ ಮಂದಿ ಕೈ ಮುಗೀತಾರ, ಫೋಟೋ ಆಗತೈತಿ, ಮನಸಿಗೂ ಹಗುರ ಅನಸತೈತಿ. ಬಾಕಿ ಕೊಟ್ಟಾಗ ಯಾರೂ ಕೈ ಮುಗಿಯೂದಿಲ್ಲ, ಮುಗಿಯಲೂಬಾರದು, ಅದು ಅವರದ. ಅದಕ್ಕ ಇರಬೇಕು ನಮಗ ದಾನ ಹಗುರ, ಬಾಕಿ ಭಾರ.

ಇನ್ನೊಂದು ಮಾತು, ಇದು ನಮ್ಮ ಸಭೆಗಳಿಗೆ, ಪ್ರೀತಿಯಿಂದನ ಹೇಳ್ತೀನಿ. ಗುಡಿ ಕಸಾ ಹೊಡಿಯಾಕಿ, ಗಂಟಿ ಹೊಡಿಯೋ ಅಜ್ಜ, ಇವರ ಪಗಾರ ಡಿಸೆಂಬರದಾಗ ತಡಾ ಆಗಿದ್ದು ನಾ ಕಣ್ಣಾರೆ ನೋಡೀನಿ. ಕೇಳಿದ್ರ, "ಕ್ರಿಸ್‌ಮಸ್ ಖರ್ಚು ಬಾಳ ಬಂದೈತಿ, ಹಬ್ಬ ಮುಗೀಲಿ." ಕೊಟ್ಟಿಗ್ಯಾಗ ಹುಟ್ಟಿದ ಸ್ವಾಮಿಗೆ ಲೈಟಿನ ಸರಾ ಹಾಕಾಕ, ಆತನ ಮನಿ ಕಸಾ ಹೊಡಿಯಾಕಿ ಹಬ್ಬಕ್ಕ ಸಕ್ರಿ ತರಲಾರದಂಗ ಆಗಬೇಕೇನ್ರಿ? ಮೊದಲ ಆಕಿ ಪಗಾರ, ಉಳದ್ರ ಲೈಟು. ಇದನ್ನ ಕಮಿಟಿಯೊಳಗ ಹೇಳೀನಿ, ಇಲ್ಲೂ ಹೇಳ್ತೀನಿ.

ಮದುವಿ ಮನ್ಯಾಗ ಎಲ್ಲಾ ಓದತೀವಿ, "ಪ್ರೀತಿ ಬಹು ತಾಳ್ಮೆಯುಳ್ಳದ್ದು" ಅಂತ. ಆ ತಾಳ್ಮಿ ಪ್ರೀತಿ ಮಾಡಾಂವಗ ಇರಬೇಕಾದದ್ದು. ನಾವು ಉಲ್ಟಾ ಮಾಡೀವಿ. ನಾವು ಕೊಡಬೇಕಾದವರ ಹಂತ್ಯಾಕ ತಾಳ್ಮಿ ಕೇಳತೀವಿ. "ಸ್ವಲ್ಪ ತಾಳ" ಅಂತ ಆ ಅಕ್ಕಗ ಅಂದೆನಲ್ಲ, ಆ ಮಾತು ಈಗ ನನ್ನ ಬಾಯಿಗೆ ಬಂದ್ರ ನಾಲಿಗಿ ಕಚ್ಚಿಕೊಳ್ತೀನಿ.

ಈ ನೆಲಕ್ಕ ಇದೇನೂ ಹೊಸಾ ಮಾತಲ್ಲ. ಕೂಡಲಸಂಗಮ ನಮ್ಮ ಜಿಲ್ಲಾದಾಗ ಐತಿ. ಕಾಯಕದ ಬೆಲಿ ಏನಂತ ಇಲ್ಲಿ ಹನ್ನೆರಡನೇ ಶತಮಾನದಾಗ ಶರಣರು ಬಾಳಿ ತೋರಿಸ್ಯಾರ. 1820ರಾಗ ಬೆಳಗಾವಿಗೆ ಲಂಡನ್ ಮಿಶನ್, 1851ರಾಗ ಗುಳೇದಗುಡ್ಡಕ್ಕ ಬಾಸೆಲ್ ಮಿಶನ್ ಬಂದಾಗ ಸುವಾರ್ತೆ ಕೇಳಿದ ಮಂದಿಗೆ ಕಾಯಕ ಅನ್ನೂ ಮಾತು ಮೊದಲ ಗೊತ್ತಿತ್ತು. ಇವತ್ತೂ ನಮ್ಮನ್ನ "ಮಿಶನ್ ಕಂಪೌಂಡಿನವರು" ಅಂತ ಗುರುತು ಹಿಡಿಯೋ ಊರದಾವು. ಆ ಕಂಪೌಂಡಿನವರು ರೊಕ್ಕಾ ಮುಟ್ಟಸ್ತಾರ, ನಿಲ್ಲಸಂಗಿಲ್ಲ ಅಂತ ಒಬ್ಬ ಗೌಂಡಿ ಇನ್ನೊಬ್ಬ ಗೌಂಡಿಗೆ ಹೇಳಿದ್ರ, ನನಗ ಅದಕ್ಕಿಂತ ದೊಡ್ಡ ಸಾಕ್ಷಿ ಬ್ಯಾಡ.

ಈಗ ನಾ ಒಂದು ಪದ್ಧತಿ ಇಟಗೊಂಡೀನಿ. ಮನಿ ಮಾಲಕರ ಹಂತ್ಯಾಕ ಕೆಲಸಾ ಚಾಲೂ ಮಾಡೂಕಿಂತ ಮೊದಲ ಎರಡು ವಾರದ ಕೂಲಿ ಇಸಕೊಂಡು ಬ್ಯಾರೆ ಇಡ್ತೀನಿ, ಅದನ್ನ ಸಿಮೆಂಟಿಗೆ, ಕಬ್ಬಿಣಕ್ಕ ಮುಟ್ಟೂದಿಲ್ಲ. ಇದಕ್ಕ ಒಪ್ಪಲಾರದ ಎರಡು ಕೆಲಸಾ ಕೈ ಬಿಟ್ಟಾವು. ಬಿಡಲಿ. ಸಂತಿ ಹಿಂದಿನ ದಿನ ರಾತ್ರಿನ ಬಟವಡಿ.

ಆ ಅಕ್ಕಗ 2,400ರ ಕೂಡ 120ನೂ ಕೊಟ್ಟೆ. "ಇದ್ಯಾಕ್ರೀ ಅಣ್ಣಾರ" ಅಂದಳು. "ನಿಂದ ಐತಿ ಯಕ್ಕಾ" ಅಂದೆ.

ಹಾಜರಿ ಪುಸ್ತಕದಾಗ ಇನ್ನೊಂದು ಹೆಸರು ಉಳದೈತಿ. ಬಾದಾಮಿ ತಾಲೂಕಿನ ಹುಡುಗ, ಮೂರು ದಿನ ದುಡದು ಗೋವಾಕ್ಕ ಹೋಗಿಬಿಟ್ಟ, ನಾ ಆಗ ಕೊಡಲಿಲ್ಲ. 1,350 ರೂಪಾಯಿ. ಫೋನ್ ನಂಬರ್ ಬದಲಾಗೈತಿ. ಆದ್ರ ಅವರ ಊರು ಗೊತ್ತೈತಿ, ಅವ್ವ ಅಲ್ಲೇ ಇರ್ತಾಳಂತ. ಮತ್ತಾಯ 5ರಾಗ ಸ್ವಾಮಿ ಹೇಳ್ಯಾನ, ಸಹೋದರನ ಮನಸಿನ್ಯಾಗ ನಿನ್ನ ಮ್ಯಾಲ ಏನಾರ ಇದ್ರ ಕಾಣಿಕಿ ಅಲ್ಲೇ ಬಿಟ್ಟು ಮೊದಲ ಅವನ ಕಡಿ ಹೋಗು ಅಂತ.

ನಾಳೆ ರವಿವಾರ. ಆರಾಧನೆ ಹತ್ತಕ್ಕ. ಮುಂಜಾನೆ ಆರಕ್ಕ ಗಾಡಿ ಚಾಲೂ ಮಾಡ್ತೀನಿ.