ಒಂದು ಕಪ್ ಹಣ್ಣು ಎಂದರೆ ಎಷ್ಟು ಗ್ರಾಂ?

ಸಭಿಕರೇ,

ಒಂದು ಕಪ್ ಹಣ್ಣು ಎಷ್ಟು ಗ್ರಾಂ ತೂಗುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಏಕಿಲ್ಲ ಎಂಬುದನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ. ನೀರಿನ ಲೆಕ್ಕ ಸರಳ: ಒಂದು ಮಿಲಿಲೀಟರ್ ನೀರು ಹೆಚ್ಚುಕಡಿಮೆ ಒಂದು ಗ್ರಾಂ. ತಾಜಾ ಹಣ್ಣಿನಲ್ಲಿ ಬಹುಪಾಲು ನೀರೇ ಇರುವುದರಿಂದ ಅದೇ ಲೆಕ್ಕ ಇಲ್ಲಿಯೂ ನಡೆಯಬೇಕೆಂದು ತೋರುವುದು ಸಹಜ. ಆದರೆ ಕಪ್ ಹಣ್ಣಿನ ಜೊತೆಗೆ ಹೋಳುಗಳ ನಡುವೆ ಸಿಕ್ಕಿಕೊಂಡ ಗಾಳಿಯನ್ನೂ ಸೇರಿಸಿಯೇ ಅಳೆಯುತ್ತದೆ.

ಆ ಗಾಳಿ ಎಷ್ಟೆಂಬುದಕ್ಕೆ ಗಣಿತದಲ್ಲೇ ಒಂದು ಸುಳಿವಿದೆ. ಒಂದೇ ಗಾತ್ರದ ಗುಂಡುಗಳನ್ನು ಅತ್ಯಂತ ಒತ್ತಾಗಿ ಜೋಡಿಸಿದರೂ ಅವು ಸುಮಾರು ಶೇ. 74ರಷ್ಟು ಜಾಗವನ್ನು ಮಾತ್ರ ತುಂಬುತ್ತವೆ ಎಂದು ಗಣಿತಜ್ಞ ಕೆಪ್ಲರ್ 1611ರಲ್ಲಿಯೇ ಊಹಿಸಿದ್ದನು. ಜೋಡಿಸದೆ ಸುಮ್ಮನೆ ಸುರಿದು ಕುಲುಕಿದರೆ ಈ ಪ್ರಮಾಣ ಶೇ. 64ರ ಆಸುಪಾಸಿಗೆ ಇಳಿಯುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ ಒಂದು ಕಪ್ ಬ್ಲೂಬೆರಿಗೆ 148 ಗ್ರಾಂ ಎಂದಿದೆ. ಅಲ್ಲಿನ ಕಪ್ ಸುಮಾರು 237 ಮಿಲಿಲೀಟರಿನದು. ಭಾಗಿಸಿ ನೋಡಿದರೆ ಪ್ರತಿ ಮಿಲಿಲೀಟರಿಗೆ 0.62 ಗ್ರಾಂ ಬರುತ್ತದೆ. ಗಣಿತಜ್ಞನ ಗುಂಡುಗಳೂ ಅಡುಗೆಯವರ ಹಣ್ಣುಗಳೂ ಇಷ್ಟು ಹತ್ತಿರದ ಉತ್ತರ ಕೊಡುವುದು ನನಗೆ ಇಂದಿಗೂ ಸಂತೋಷ ತರುವ ಸಂಗತಿ.

ಇನ್ನು ಕತ್ತಿಯ ಕೆಲಸಕ್ಕೆ ಬರೋಣ. ಅದೇ ಕೋಷ್ಟಕದ ಪ್ರಕಾರ ಒಂದು ಕಪ್ ಸ್ಟ್ರಾಬೆರಿ ಇಡಿಯಾಗಿದ್ದರೆ 144 ಗ್ರಾಂ, ಎರಡು ಹೋಳಾಗಿಸಿದರೆ 152, ತೆಳುವಾಗಿ ಹೆಚ್ಚಿದರೆ 166, ನುಣ್ಣಗೆ ರುಬ್ಬಿದರೆ 232. ಹಣ್ಣು ಒಂದೇ, ಕಪ್ ಒಂದೇ, ತೂಕ ಮಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚು ಬದಲಾಗಿದೆ. ಆದ್ದರಿಂದ ಪಾಕವಿಧಾನದಲ್ಲಿ ‘ಒಂದು ಕಪ್ ಹೆಚ್ಚಿದ ಸ್ಟ್ರಾಬೆರಿ’ ಎಂದು ಬರೆಯುವುದಕ್ಕೂ ‘ಸ್ಟ್ರಾಬೆರಿ ಒಂದು ಕಪ್, ಹೆಚ್ಚಿಕೊಳ್ಳಿ’ ಎಂದು ಬರೆಯುವುದಕ್ಕೂ ವ್ಯತ್ಯಾಸವಿದೆ: ಮೊದಲನೆಯದರಲ್ಲಿ ಹೆಚ್ಚಿದ ಮೇಲೆ ಅಳೆಯಬೇಕು, ಎರಡನೆಯದರಲ್ಲಿ ಅಳೆದ ಮೇಲೆ ಹೆಚ್ಚಬೇಕು. ಬರೆದವರೇ ಈ ಭೇದವನ್ನು ಗಮನಿಸಿರುತ್ತಾರೆ ಎಂಬ ಭರವಸೆ ನನಗಿಲ್ಲ.

ತಪ್ಪು ಎಲ್ಲಿ ದುಬಾರಿಯಾಗುತ್ತದೆ ಎಂಬುದಕ್ಕೆ ಬಾಳೆಹಣ್ಣಿನ ಕೇಕು ಒಳ್ಳೆಯ ಉದಾಹರಣೆ. ಬಿಲ್ಲೆಗಳಾಗಿ ಹೆಚ್ಚಿದ ಬಾಳೆಹಣ್ಣು ಕಪ್ಪಿಗೆ 150 ಗ್ರಾಂ, ಕಿವುಚಿದ್ದು 225 ಗ್ರಾಂ. ವಿಧಾನದಲ್ಲಿ 300 ಗ್ರಾಂ ಎಂದಿರುವಾಗ, ಬಿಲ್ಲೆಗಳ ಲೆಕ್ಕ ಹಿಡಿದು ಎರಡು ಕಪ್ ಕಿವುಚಿದ ಹಣ್ಣನ್ನು ಹಾಕಿದವರು 450 ಗ್ರಾಂ ಹಾಕಿದಂತಾಯಿತು. ಬಾಳೆಹಣ್ಣಿನ ಮುಕ್ಕಾಲು ಪಾಲು ನೀರಾದ್ದರಿಂದ ಹಿಟ್ಟಿಗೆ ಸೇರಿದ ಹೆಚ್ಚುವರಿ ನೀರೇ 110 ಮಿಲಿಲೀಟರ್ ದಾಟುತ್ತದೆ. ಕೇಕಿನ ನಡುಭಾಗ ಬೇಯದೆ ಮೆತ್ತಗೆ ಉಳಿದರೆ ಓವನ್ನನ್ನು ದೂರಿ ಫಲವಿಲ್ಲ. ಸಿಪ್ಪೆಯ ಲೆಕ್ಕ ಬೇರೆ: ಬಾಳೆಹಣ್ಣಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸಿಪ್ಪೆಗೇ ಹೋಗುವುದರಿಂದ, 300 ಗ್ರಾಂ ತಿರುಳಿಗೆ ಸುಮಾರು 470 ಗ್ರಾಂ ಹಣ್ಣು ಬೇಕಾಗುತ್ತದೆ.

ಜಾಮ್ ಮಾಡುವಾಗ ‘ಹಣ್ಣಿಗೆ ಸಮ ಸಕ್ಕರೆ’ ಎಂಬ ಸೂತ್ರವನ್ನು ತೂಕದಲ್ಲಿ ಹೇಳಿದ್ದರೆ ಅದನ್ನು ಕಪ್ಪಿನಲ್ಲಿ ಪಾಲಿಸಲಾಗದು. ಒಂದು ಕಪ್ ಸಕ್ಕರೆ 200 ಗ್ರಾಂ ತೂಗುತ್ತದೆ, ಹೆಚ್ಚಿದ ಸ್ಟ್ರಾಬೆರಿ 166. ಕಪ್ಪಿಗೆ ಕಪ್ ಹಾಕಿದರೆ ಸಕ್ಕರೆ ಶೇ. 20ರಷ್ಟು ಹೆಚ್ಚಾಗುತ್ತದೆ.

ಒಣದ್ರಾಕ್ಷಿಯನ್ನು ಒತ್ತಿ ತುಂಬಿದರೆ 165 ಗ್ರಾಂ, ಸಡಿಲವಾಗಿ ಸುರಿದರೆ 145. ಮಂಜುಗಟ್ಟಿದ ಹಣ್ಣು ಕರಗಿದಾಗ ಕುಸಿದು ಕಪ್ಪಿನ ತಳ ಸೇರುತ್ತದೆ, ಆದರೆ ಇಳಿದ ರಸವನ್ನು ಚೆಲ್ಲದಿದ್ದರೆ ತೂಕ ಬದಲಾಗುವುದಿಲ್ಲ. ಅಂದಮೇಲೆ ಅದನ್ನು ಗಟ್ಟಿಯಿರುವಾಗಲೇ ತೂಗುವುದು ಸುಲಭ.

ಕಪ್ಪಿನ ಗಾತ್ರವೂ ಎಲ್ಲೆಡೆ ಒಂದೇ ಅಲ್ಲ: ಅಮೆರಿಕದಲ್ಲಿ ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 250, ಜಪಾನಿನಲ್ಲಿ 200.

ಹೀಗಿರುವಾಗ ಯಾವುದೇ ಕೋಷ್ಟಕಕ್ಕಿಂತ ನಿಮ್ಮದೇ ಕಪ್, ನಿಮ್ಮದೇ ತಕ್ಕಡಿ ಹೆಚ್ಚು ನಂಬಿಕೆಗೆ ಅರ್ಹ. ಖಾಲಿ ಕಪ್ಪನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಹಣ್ಣನ್ನು ಎಂದಿನಂತೆ ಹೆಚ್ಚಿ, ಒತ್ತದೆ, ಅಂಚಿನ ಮಟ್ಟಕ್ಕೆ ತುಂಬಿ ತೂಗಿ. ಇದನ್ನೇ ಮೂರು ಬಾರಿ ಮಾಡಿ ಸರಾಸರಿಯನ್ನು ಬರೆದಿಟ್ಟುಕೊಳ್ಳಿ. ಬರೆಯುವಾಗ ಅಂಕಿಯ ಪಕ್ಕದಲ್ಲಿ ಹೋಳಿನ ಅಳತೆಯನ್ನೂ ಕಪ್ಪಿನ ಗಾತ್ರವನ್ನೂ ನಮೂದಿಸಿ. ಅವೆರಡಿಲ್ಲದ ಅಂಕಿ ಮುಂದಿನ ಬಾರಿ ನಿಮ್ಮ ಉಪಯೋಗಕ್ಕೇ ಬಾರದು.