ಸರ್, ಒಂದ್ಸಲ ನೋಡ್ತೀರಾ?

ಕೇಳುಗರೇ, ನಮಸ್ಕಾರ.

ಸೈರನ್ ಕೇಳಿದ ಕೂಡಲೇ ನೀವು ಪಕ್ಕಕ್ಕೆ ಸರಿದು ಆಂಬುಲೆನ್ಸಿಗೆ ದಾರಿ ಬಿಡುತ್ತೀರಿ. ಅದರ ಒಳಗೆ ಆಗ ಏನು ನಡೆಯುತ್ತಿರುತ್ತದೆ ಅನ್ನೋದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನಾನು ಎಷ್ಟೋ ವರ್ಷ ಅಲ್ಲೇ ಕೆಲಸ ಮಾಡಿದವನು. ಇವತ್ತು ಒಂದು ಸಿರಿಂಜಿನ ವಿಷಯ ಹೇಳುತ್ತೇನೆ.

ಒಂದು ವರ್ಷದ ಮಗು. ಜೇನುಹುಳ ಕಚ್ಚಿತ್ತು. ನಾವು ಹೋಗುವಷ್ಟರಲ್ಲಿ ತುಟಿ, ಕಣ್ಣು ಊದಿಕೊಂಡಿದ್ದವು. ಉಸಿರು ಸುಯ್ ಸುಯ್ ಅನ್ನುತ್ತಿತ್ತು. ಇಂಥ ಹೊತ್ತಲ್ಲಿ ಮೊದಲು ಕೊಡಬೇಕಾದ್ದು ಅಡ್ರಿನಾಲಿನ್ ಅನ್ನೋ ಔಷಧದ ಚುಚ್ಚುಮದ್ದು, ತೊಡೆಯ ಹೊರಬದಿಗೆ. ತಡ ಮಾಡುವ ಹಾಗಿಲ್ಲ. ಮಕ್ಕಳಿಗೆ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ ಲೆಕ್ಕ. ಮಗು ಸುಮಾರು 10 ಕಿಲೋ ಇತ್ತು. ಅಂದರೆ 0.1 ಮಿಲಿಗ್ರಾಂ ಸಾಕು. ನಮ್ಮ ಆಂಪೂಲಿನಲ್ಲಿ, ಅಂದರೆ ಔಷಧದ ಪುಟ್ಟ ಗಾಜಿನ ಸೀಸೆಯಲ್ಲಿ, 1 ಮಿಲಿಲೀಟರಿಗೆ 1 ಮಿಲಿಗ್ರಾಂ ಔಷಧ. ಎಳೆಯಬೇಕಾದ್ದು ಬರೀ 0.1 ಮಿಲಿಲೀಟರ್, ಎರಡು ಹನಿಯಷ್ಟು. ನಾನು ಇಡೀ ಆಂಪೂಲ್ ಎಳೆದಿದ್ದೆ. ಹತ್ತು ಪಟ್ಟು!

ಸೂಜಿ ಇನ್ನೇನು ತೊಡೆಗೆ ತಾಗಬೇಕು. ಪಕ್ಕದಲ್ಲಿದ್ದ ಹುಡುಗ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೇ. ಮೆಲ್ಲಗೆ ಅಂದ: "ಸರ್, ಒಂದ್ಸಲ ನೋಡ್ತೀರಾ? ಪಾಯಿಂಟ್ ಒಂದು ಅಲ್ವಾ?"

ಸರಿಯಾದ ಡೋಸ್ ಕೊಟ್ಟೆವು. ಸ್ವಲ್ಪ ಹೊತ್ತಿಗೆ ಮಗು ಜೋರಾಗಿ ಅತ್ತಿತು. ಉಸಿರಿಲ್ಲದೆ ಒದ್ದಾಡುತ್ತಿದ್ದ ಮಗು ಅತ್ತರೆ ನಮಗೆ ಎಷ್ಟು ಸಮಾಧಾನ ಗೊತ್ತಾ?

ಆ ರಾತ್ರಿ ಸ್ಟ್ರೆಚರ್ ಒರೆಸುತ್ತಾ ಹುಡುಗ ಇನ್ನೊಂದು ಮಾತು ಹೇಳಿದ. ನಾನು ಔಷಧ ಎಳೆಯುವಾಗಲೇ ಅವನು ನೋಡಿದ್ದನಂತೆ. "ಮೊನ್ನೆ ಥರ ಬೈತೀರೇನೋ ಅಂತ ಸುಮ್ನಿದ್ದೆ ಸರ್." ಹೌದು, ಹಿಂದಿನ ವಾರ ಅವನು ಏನೋ ಕೇಳಿದ್ದಕ್ಕೆ ರೋಗಿಯ ಮನೆಯವರ ಎದುರೇ ಗದರಿದ್ದೆ. ನನಗೆ ಮಾತೇ ಹೊರಡಲಿಲ್ಲ.

ಲೆಕ್ಕ ತಪ್ಪಿದ್ದು ಸುಸ್ತಿನಿಂದ ಇರಬಹುದು. ಸತತ 17 ಗಂಟೆ ಎಚ್ಚರವಿದ್ದವರು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇದ್ದವರ ಹಾಗೆ ಮಂಕಾಗುತ್ತಾರೆ ಅಂತ ಸಂಶೋಧಕರು ಪರೀಕ್ಷೆ ಮಾಡಿಯೇ ತೋರಿಸಿದ್ದಾರೆ. ಉದ್ದದ ಶಿಫ್ಟ್ ಹಾಕುವವರು ಇದನ್ನು ಮರೆಯಬಾರದು. ಆದರೆ ಆ ಹುಡುಗ ಬಾಯಿ ಕಟ್ಟಿಕೊಂಡು ನಿಂತಿದ್ದು ಸುಸ್ತಿನಿಂದಲ್ಲ, ನನ್ನಿಂದ.

ನಮ್ಮ ಕೆಲಸದಲ್ಲಿ ಕೈ ಚುರುಕಿದ್ದವರನ್ನೇ ಜಾಸ್ತಿ ತಂಡದ ಮುಖ್ಯಸ್ಥರನ್ನಾಗಿ ಮಾಡುತ್ತಾರೆ. ನಿನ್ನೆವರೆಗೆ ಚೆನ್ನಾಗಿ ಸೂಜಿ ಹಾಕುತ್ತಿದ್ದವರು ಇವತ್ತು ನಾಲ್ಕು ಜನರನ್ನು ನಡೆಸಬೇಕು. ಅದನ್ನು ಕಲಿಸುವವರು ಕಡಿಮೆ. ಎದೆಬಡಿತ ನಿಂತ ರೋಗಿಯ ಹತ್ತಿರ ಇದು ಎದ್ದು ಕಾಣುತ್ತದೆ. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು, ಇಲ್ಲದಿದ್ದರೆ ಒತ್ತುವವರು ದಣಿದು ಆಳ ಕಡಿಮೆಯಾಗುತ್ತದೆ. ಮುಖ್ಯಸ್ಥರೇ ಬಗ್ಗಿ ಉಸಿರಿನ ಟ್ಯೂಬ್ ಹಾಕಲು ಕೂತುಬಿಟ್ಟರೆ ಗಡಿಯಾರ ನೋಡುವವರು ಯಾರು? ಕೈಕಟ್ಟಿ ಒಂದು ಹೆಜ್ಜೆ ಹಿಂದೆ ನಿಲ್ಲೋದು ನನಗಂತೂ ತುಂಬ ಕಷ್ಟವಾಗಿತ್ತು. ಕೈ ತಾನೇ ಮುಂದೆ ಹೋಗುತ್ತಿತ್ತು.

ಆ ಮಗುವಿನ ದಿನದಿಂದ ನಾನು ಎರಡು ರೂಢಿ ಮಾಡಿಕೊಂಡೆ. ಶಿಫ್ಟ್ ಶುರುವಾಗುವಾಗ ಜೊತೆಗಾರರಿಗೆ, "ನಾನು ತಪ್ಪು ಮಾಡ್ತಿದ್ದೀನಿ ಅನಿಸಿದರೆ ತಕ್ಷಣ ನಿಲ್ಲಿಸಿ, ಯಾರ ಎದುರಾದರೂ ಸರಿ" ಅಂತ ಹೇಳುತ್ತಿದ್ದೆ. ಔಷಧ ಎಳೆದ ಮೇಲೆ ಹೆಸರು, ಪ್ರಮಾಣ ಎರಡನ್ನೂ ಪಕ್ಕದವರಿಂದ ಗಟ್ಟಿಯಾಗಿ ಓದಿಸುತ್ತಿದ್ದೆ. ಐದು ಸೆಕೆಂಡಿನ ಕೆಲಸ ಅಷ್ಟೇ.

ಇನ್ನೊಂದು ಇದೆ. ಎಷ್ಟು ಮಾಡಿದರೂ ಕೆಲವರು ನಮ್ಮ ಕೈಯಲ್ಲೇ ತೀರಿಕೊಳ್ಳುತ್ತಾರೆ. ಅಂಥ ಕರೆ ಮುಗಿದ ಕೂಡಲೇ ವೈರ್‌ಲೆಸ್‌ನಲ್ಲಿ ಮುಂದಿನ ಕರೆ ಬಂದಿರುತ್ತದೆ. ಆಗ ಹತ್ತು ನಿಮಿಷ ಗಾಡಿ ನಿಲ್ಲಿಸಿ, ನೀರು ಕೊಟ್ಟು, "ಹೇಗಿದ್ದೀಯಪ್ಪಾ?" ಅಂತ ಕೇಳುವಷ್ಟು ಬಿಡುವನ್ನು ಮೇಲಿನವರು ಮಾಡಿಕೊಡಲೇಬೇಕು. ಕೇಳುವವರಿಲ್ಲದೆ ಒಳ್ಳೊಳ್ಳೆ ಹುಡುಗರು ಕೆಲಸ ಬಿಟ್ಟು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆ ಹುಡುಗ ಬಿಡಲಿಲ್ಲ. ಈಗ ಅವನದ್ದೇ ತಂಡ ಇದೆ. ಮೊನ್ನೆ ಅವನ ಗಾಡಿಯ ಹತ್ತಿರ ಹೋಗಿದ್ದೆ. ಹೊಸದಾಗಿ ಸೇರಿದ ಹುಡುಗಿಯ ಮುಂದೆ ತರಬೇತಿಯ ಸಿರಿಂಜ್ ಹಿಡಿದು, "ಎಷ್ಟಿದೆ ಓದಿ ಹೇಳಮ್ಮಾ" ಅನ್ನುತ್ತಿದ್ದ. ಬೇಕಂತಲೇ ತಪ್ಪು ಪ್ರಮಾಣ ಎಳೆದಿದ್ದ. ಅವಳು ನೋಡಿದಳು, ಒಂದು ಕ್ಷಣ ತಡೆದಳು, ಆಮೇಲೆ ಜೋರಾಗಿಯೇ ಹೇಳಿದಳು: "ಸರ್, ಇದು ಜಾಸ್ತಿ ಆಯ್ತು."

ನಮಸ್ಕಾರ.